ಬತ್ತುವ ಕೆರೆಯ ಮೀನು: ತುಮಕೂರು ಸೀಮೆಯ ಬೇಸಗೆಯ ಮೀನುಬೇಟೆಯ ಚರಿತ್ರೆಗೆ ಕೆಲವು ಟಿಪ್ಪಣಿಗಳು

ನಮ್ಮ ನಾಡಿನ ಕೆರೆಗಳ ಚರಿತ್ರೆಯನ್ನು ಬರೆದ ವಿದ್ವಾಂಸರು ಬಹುಮಟ್ಟಿಗೆ ತುಂಬಿದ ಕೆರೆಯನ್ನೇ ಕಣ್ಣೆದುರಿಗೆ ಇಟ್ಟುಕೊಂಡು ಬರೆದಿರುತ್ತಾರೆ. ಕಟ್ಟಿಸಿದವನು ಯಾವ ಅರಸನ ಕಾಲದವನು, ಏರಿಯ ಉದ್ದವೆಷ್ಟು, ತೂಬುಗಳೆಷ್ಟು, ಅಚ್ಚುಕಟ್ಟಿನಲ್ಲಿ ಎಷ್ಟು ಗದ್ದೆ ಬೆಳೆಯುತ್ತಿತ್ತು, ಏರಿ ಒಡೆದಾಗ ಸರಿಪಡಿಸಿದವರಿಗೆ ಯಾವ ಮಾನ್ಯ ದೊರೆಯಿತು ಎಂಬಿವೇ ಅವರ ವಿಚಾರದ ಮುಖ್ಯಾಂಶಗಳು. ಆದರೆ ಬಯಲುಸೀಮೆಯ ಕೆರೆ ವರ್ಷದ ಎಲ್ಲ ತಿಂಗಳಲ್ಲಿಯೂ ತುಂಬಿದ ಕೆರೆಯಲ್ಲ. ಶಿವರಾತ್ರಿ ಕಳೆದ ಮೇಲೆ ಅದರ ನೀರು ದಿನದಿನಕ್ಕೂ ಏರಿಯ ಬುಡದತ್ತ ಸರಿಯುತ್ತದೆ. ಯುಗಾದಿಯ ಹೊತ್ತಿಗೆ ಅಂಗಳದ ಬಹುಭಾಗ ಬಿರುಕುಬಿಟ್ಟ ಮಣ್ಣಾಗಿ, ತೂಬಿನ ಮುಂದಣ ಮಡುವಿನಲ್ಲಿಯೂ ಮಣ್ಣು ತೆಗೆದ ಗುಂಡಿಗಳಲ್ಲಿಯೂ ಮಾತ್ರ ನೀರು ನಿಂತಿರುತ್ತದೆ. ಗದ್ದೆಗೆ ಕೊಡಲು ಏನೂ ಉಳಿಯದ ಈ ದಿನಗಳಲ್ಲಿಯೇ ಕೆರೆಯು ಮೀನನ್ನು ಕೊಡುತ್ತದೆ. ಈ ಕೊಡುಗೆ ಹಿಂದೆ ಯಾರಿಗೆ ಸಲ್ಲುತ್ತಿತ್ತು, ಈಗ ಯಾರಿಗೆ ಸಲ್ಲುತ್ತಿದೆ ಎಂಬ ಪ್ರಶ್ನೆಯನ್ನು ಎತ್ತುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಚಾರಕ್ಕೆ ನಾವು ತೊಡಗಿದುದು ತುಮಕೂರು ನಗರಕ್ಕೆ ತೀರ ಸಮೀಪದ ಸತ್ಯಮಂಗಲದಲ್ಲಿ. ಇಂದು ಆ ಹೆಸರನ್ನು ಕೇಳಿದವರಿಗೆ ಕೃಷಿಗಿಂತ ಮೊದಲು ನೆನಪಾಗುವುದು ಕೈಗಾರಿಕಾ ಪ್ರದೇಶ. ಹೆಸರಿನ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ವಿಜಯನಗರದ ಎರಡನೆಯ ದೇವರಾಯನ ಕ್ರಿ. ಶ. ೧೪೨೪ರ ಸತ್ಯಮಂಗಲಂ ತಾಮ್ರಶಾಸನವು ವೆಲ್ಲೂರು ಪ್ರಾಂತಕ್ಕೆ ಸೇರಿದ್ದು. ಹೆಸರಿನ ಸಾಮ್ಯವೊಂದರಿಂದಲೇ ಅದನ್ನು ನಮ್ಮ ಸತ್ಯಮಂಗಲಕ್ಕೆ ಆರೋಪಿಸಲಾಗದು. ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಈ ತಪ್ಪನ್ನು ನಾವು ಒಂದಕ್ಕಿಂತ ಹೆಚ್ಚು ಸಲ ಕಂಡಿರುವುದರಿಂದ ಈ ಮಾತು. ಇನ್ನು ‘ಮಂಗಲ’ವೆಂದು ಕೊನೆಗೊಳ್ಳುವ ಊರುಗಳಲ್ಲಿ ಅನೇಕವು ಬ್ರಾಹ್ಮಣರಿಗೆ ದತ್ತಿಯಾಗಿ ಬಿಟ್ಟ ಗ್ರಾಮಗಳೆಂಬುದು ಸ್ಥಳನಾಮಗಳ ಅಭ್ಯಾಸಿಗಳಿಗೆ ವಿದಿತವೇ ಇದೆ. ಎಲ್ಲ ಮಂಗಲಗಳೂ ಅಗ್ರಹಾರಗಳೇ ಎಂದು ಹೇಳುವುದು ಸಾಹಸವಾದೀತು. ಆದರೂ ಈ ಬಗೆಯ ಊರುಗಳು ನಮ್ಮ ವಿಷಯಕ್ಕೆ ಒಂದು ಕುತೂಹಲಕರವಾದ ಸಂದರ್ಭವನ್ನು ಒದಗಿಸುತ್ತವೆ: ಕೆರೆಯ ನೀರಿಗೂ ನೆಲಕ್ಕೂ ಒಡೆಯರಾದವರು ಮೀನನ್ನು ಮುಟ್ಟದವರಾಗಿದ್ದಾಗ, ಮೀನು ಯಾರದಾಯಿತು?

ಸತ್ಯಮಂಗಲದಲ್ಲಿಯೂ ಗುಬ್ಬಿ, ಕುಣಿಗಲ್ ಕಡೆಯ ಕೆಲವು ಊರುಗಳಲ್ಲಿಯೂ ವಯಸ್ಸಾದವರನ್ನು ನಾವು ವಿಚಾರಿಸಿದೆವು. ಅವರ ನೆನಪಿನಿಂದ ಮೂಡುವ ಚಿತ್ರ ಹೀಗಿದೆ. ದೊಡ್ಡ ಬಲೆ ಬೆಸ್ತರದು. ಬೀಸುಬಲೆಯನ್ನು ಹೆಗಲ ಮೇಲಿಂದ ಚಕ್ರದಂತೆ ಹರಡಿ ಬೀಳುವ ಹಾಗೆ ಎಸೆಯುವ ಕೈಚಳಕ ಅವರ ಮನೆತನಗಳ ಸ್ವತ್ತು. ಇತರರು ಅದಕ್ಕೆ ಕೈಹಾಕುತ್ತಿರಲಿಲ್ಲ. ಬೆಸ್ತರು ಮೀನು ಹಿಡಿಯುವುದರ ಜೊತೆಗೆ ಪಲ್ಲಕ್ಕಿ ಹೊರುವ, ಸುಣ್ಣ ಸುಡುವ ಕಸುಬುಗಳನ್ನೂ ಮಾಡುತ್ತಿದ್ದರೆಂದು ಹಳೆಯ ಜಾತಿವರ್ಣನೆಗಳು ಹೇಳುತ್ತವೆ. ಬತ್ತುವ ಕೆರೆಯ ಸೀಮೆಯಲ್ಲಿ ಮೀನೊಂದನ್ನೇ ನಂಬಿ ವರ್ಷವಿಡೀ ಬದುಕುವುದು ಸಾಧ್ಯವಿರಲಿಲ್ಲವೆಂಬುದಕ್ಕೆ ಇದೂ ಒಂದು ಸಾಕ್ಷಿ. ಆದರೆ ಗಾಳ ಎಲ್ಲರದಾಗಿತ್ತು. ಸಣ್ಣ ಬಿದಿರಿನ ಕಡ್ಡಿ, ಒಂದು ಮಾರು ನೂಲು, ಬೆಂಡಿನ ಚೂರು, ಸಂತೆಯಲ್ಲಿ ಕೊಂಡ ಒಂದು ಕೊಕ್ಕೆ, ಗೊಬ್ಬರದ ಗುಂಡಿಯ ಪಕ್ಕದಲ್ಲಿ ಅಗೆದ ಎರೆಹುಳು. ಹುಳು ಸಿಗದ ದಿನ ರಾಗಿಮುದ್ದೆಯ ಚೂರು. ಮಧ್ಯಾಹ್ನದ ಬಿಸಿಲು ಏರುವ ಮುನ್ನ ಮತ್ತು ಇಳಿದ ಮೇಲೆ, ದನ ಕಾಯುವ ಹುಡುಗರು ಏರಿಯ ಕಲ್ಲಿನ ಮೇಲೆ ಕುಳಿತು ಗೆಂಡೆಯನ್ನು ಹಿಡಿಯುತ್ತಿದ್ದರು. ಹೆಂಗಸರೂ ಮಕ್ಕಳೂ ಇಬ್ಬರಿಬ್ಬರಾಗಿ ಹಳೆಯ ಪಂಚೆಯನ್ನು ನೀರಿನಲ್ಲಿ ಅದ್ದಿ ಎಳೆದು ಸಸಲನ್ನು ಎತ್ತುತ್ತಿದ್ದರು. ನೀರು ಮೊಣಕಾಲಿಗಿಂತ ಕೆಳಗಿಳಿದ ಮೇಲೆ ಗಾಳವೂ ಬೇಕಿರಲಿಲ್ಲ. ಕೆಸರಿನಲ್ಲಿ ಕೈಯಾಡಿಸಿ ಕೊರವನನ್ನು ಹಿಡಿಯುವುದು ಧೈರ್ಯಸ್ಥರ ಕೆಲಸ, ಏಕೆಂದರೆ ಅದೇ ಕೆಸರಿನಲ್ಲಿ ಚೇಳುಮೀನೂ ಇರುತ್ತಿತ್ತು. ಅದರ ಮುಳ್ಳು ತಾಗಿದ ಕೈ ಇಡೀ ರಾತ್ರಿ ಉರಿಯುತ್ತಿತ್ತೆಂದು ಹೇಳುವಾಗ ಎಪ್ಪತ್ತು ದಾಟಿದ ಒಬ್ಬರು ತಮಗರಿವಿಲ್ಲದೆಯೇ ಬಲಗೈಯ ಹೆಬ್ಬೆರಳನ್ನು ಉಜ್ಜಿಕೊಂಡುದನ್ನು ನಾವು ಗಮನಿಸಿದೆವು.

ಕೊರವ, ಚೇಳುಮೀನುಗಳು ಕೆಸರಿನಲ್ಲಿ ಬಹುಕಾಲ ಬದುಕಿರುವುದಕ್ಕೆ ಕಾರಣ ಅವು ನೀರಿನಲ್ಲಿ ಕರಗಿದ ಗಾಳಿಯನ್ನಲ್ಲದೆ ಹೊರಗಿನ ಗಾಳಿಯನ್ನೂ ಉಸಿರಾಡಬಲ್ಲವೆಂಬುದು. ಪೂರ್ತಿ ಬತ್ತಿದ ಕೆರೆಗೆ ಮೀನು ಮರಳಿ ಬರುವ ಬಗೆಯನ್ನು ಕುರಿತು ಹಳ್ಳಿಗಳಲ್ಲಿ ಮಳೆಯ ಜೊತೆ ಮೀನು ಬೀಳುತ್ತದೆಂಬ ನಂಬಿಕೆಯಿದೆ. ನಿಜವಾದ ಕಾರಣ ನಮ್ಮ ಕೆರೆಗಳ ರಚನೆಯಲ್ಲಿಯೇ ಇದೆ. ಮೇಲಿನ ಕೆರೆಯ ಕೋಡಿನೀರು ಕೆಳಗಿನ ಕೆರೆಗೆ ಬರುವಂತೆ ಅವು ಸಾಲುಸಾಲಾಗಿ ಕೋದುಕೊಂಡಿವೆ. ಮೊದಲ ಮಳೆಯ ಕೆಂಪುನೀರಿಗೆ ಎದುರಾಗಿ ಮೊಟ್ಟೆಯಿಡಲು ಏರುವ ಹತ್ತುಮೀನು ಒಂದು ಕೆರೆಯಿಂದ ಇನ್ನೊಂದಕ್ಕೆ ಸೇರುತ್ತದೆ. ೧೮೬೬ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿಯವರು, ಈ ಸೀಮೆಯಲ್ಲಿ ಹೊಸ ಕೆರೆಯೊಂದಕ್ಕೆ ಸ್ಥಳ ಹುಡುಕಬೇಕಾದರೆ ಬಹಳ ಜಾಣ್ಮೆ ಬೇಕು ಎಂಬರ್ಥದ ಮಾತನ್ನು ಹೇಳಿದರು. ಅವರ ಮೆಚ್ಚುಗೆ ನೀರಿನ ಸಂಗ್ರಹಕ್ಕೆ ಸಂಬಂಧಿಸಿದ್ದು. ಅದೇ ಸರಪಣಿಯು ಮೀನಿನ ದಾರಿಯೂ ಆಗಿತ್ತು. ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ನದಿ ತೆಂಕಣಕ್ಕೆ ಹರಿದು ಕಡಬದ ಕೆರೆ, ಮಾರ್ಕೋನಹಳ್ಳಿಯ ಜಲಾಶಯಗಳನ್ನು ಹಾಯ್ದು ಕಾವೇರಿಯನ್ನು ಸೇರುತ್ತದೆ; ಅದೇ ಬೆಟ್ಟದ ಜಯಮಂಗಲಿ ಉತ್ತರ ಪಿನಾಕಿನಿಗೆ ಸಲ್ಲುತ್ತದೆ; ಶಿರಾ ಕಡೆಯ ನೀರು ವೇದಾವತಿಯ ಮೂಲಕ ಕೃಷ್ಣೆಗೆ. ಮೂರು ನದಿಗಳ ಮೇಲ್ಗಡಿ ಒಂದೇ ಜಿಲ್ಲೆಯಲ್ಲಿ ಕೂಡಿರುವುದು ವಿಶೇಷ. ಆದರೆ ಬೇಸಗೆಯಲ್ಲಿ ಈ ಹೊಳೆಗಳು ಮರಳಾಗಿ, ಅಲ್ಲಲ್ಲಿನ ಮಡುಗಳಷ್ಟೇ ಮೀನಿನ ಆಸರೆ.

ಶಾಸನಗಳು ಈ ವಿಷಯದಲ್ಲಿ ಏನು ಹೇಳುತ್ತವೆ? ರೈಸ್ ಅವರು ೧೯೦೪ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ೧೨ನೆಯ ಸಂಪುಟ ತುಮಕೂರು ಜಿಲ್ಲೆಗೆ ಮೀಸಲಾದುದು. ಕೆರೆಯನ್ನು ಕಟ್ಟಿದವರಿಗೆ ಕೊಟ್ಟ ಕಟ್ಟುಗೊಡಗೆ, ಕೆರೆಯ ಪೋಷಣೆಗೆ ಬಿಟ್ಟ ಬಿತ್ತುವಟ್ಟ, ದಶವಂದ ಮುಂತಾದ ಮಾತುಗಳು ನಮ್ಮ ನಾಡಿನ ಶಾಸನಗಳಲ್ಲಿ ಪರಿಚಿತ. ಇವೆಲ್ಲವೂ ನೆಲದ ಲೆಕ್ಕ. ಕಡಪ ಸೀಮೆಯ ಪೊರುಮಾಮಿಳ್ಳದ ಕ್ರಿ. ಶ. ೧೩೬೯ರ ಪ್ರಸಿದ್ಧ ಶಾಸನವು ಒಳ್ಳೆಯ ಕೆರೆಗೆ ಬೇಕಾದ ೧೨ ಸಾಧನಗಳನ್ನೂ ೬ ದೋಷಗಳನ್ನೂ ಎಣಿಸುತ್ತದೆ. ಧರ್ಮಿಷ್ಠನಾದ ಅರಸ, ಜಲಶಾಸ್ತ್ರ ಬಲ್ಲವನು, ಗಟ್ಟಿಮಣ್ಣು, ಸಿಹಿನೀರಿನ ನದಿ, ಕಲ್ಲಿನ ಗಣಿ, ಪಳಗಿದ ಕೆಲಸಗಾರರು ಎಲ್ಲರೂ ಎಲ್ಲವೂ ಅದರಲ್ಲಿದ್ದಾರೆ, ಮೀನಿಲ್ಲ. ಇದಕ್ಕೆ ಹೋಲಿಸಿದರೆ ತಮಿಳು ನಾಡಿನ ಶಾಸನಗಳು ಸ್ವಲ್ಪ ಉದಾರವಾಗಿವೆ. ಅಲ್ಲಿ ‘ಪಾಸಿಪಾಟ್ಟಂ’ ಎಂಬ ತೆರಿಗೆಯ ಹೆಸರು ಬರುತ್ತದೆ. ಇದನ್ನು ಕೆರೆಯ ಮೀನಿನ ಗುತ್ತಿಗೆಯೆಂದು ವಿದ್ವಾಂಸರು ಅರ್ಥೈಸಿದ್ದಾರೆ. ‘ಪಾಸಿ’ ಎಂದರೆ ನಮ್ಮ ಪಾಚಿಯೇ. ಮೀನನ್ನು ಮೀನೆನ್ನದೆ ಪಾಚಿಯೆಂದು ಕರೆದು ಬೊಕ್ಕಸಕ್ಕೆ ತೆಗೆದುಕೊಂಡ ಈ ಸಂಕೋಚ ನಮಗೆ ಅರ್ಥಪೂರ್ಣವಾಗಿ ತೋರುತ್ತದೆ.

ಶಾಸನದಲ್ಲಿ ಇಲ್ಲವೆಂದ ಮಾತ್ರಕ್ಕೆ ಆಚರಣೆಯೂ ಇರಲಿಲ್ಲವೆಂದು ತೀರ್ಮಾನಿಸುವುದು ಸಲ್ಲದು. ತೆರಿಗೆ ಬೀಳದುದನ್ನು ಕಲ್ಲಿನಲ್ಲಿ ಕೆತ್ತಿಸುವ ಅಗತ್ಯ ಯಾರಿಗಿತ್ತು? ಸಣ್ಣ ಮೀನು ಬರೆಹಕ್ಕೆ ಬಾರದಿರುವುದೇ ಅದು ಬಹುಕಾಲ ಸುಂಕದ ಕಣ್ಣಿಗೂ ಬೀಳದೆ ಉಳಿದುದರ ಸೂಚನೆಯೆಂದು ನಾವು ಊಹಿಸುತ್ತೇವೆ. ಇದು ಊಹೆಯೇ, ವಿರುದ್ಧವಾದ ಒಂದು ಶಾಸನ ದೊರೆತರೆ ಬಿಟ್ಟುಕೊಡಲು ಸಿದ್ಧರಿದ್ದೇವೆ.

ಬರೆಹದಲ್ಲಿ ಮೀನು ಎದ್ದು ಕಾಣುವುದು ಅರಸನ ವಿನೋದವಾಗಿ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಸುಮಾರು ೧೧೩೦ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವು ೫ ವಿಂಶತಿಗಳಲ್ಲಿ ೧೦೦ ಅಧ್ಯಾಯಗಳಿರುವ ಮಹಾಗ್ರಂಥ. ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿ ೧೯೨೫ರಿಂದ ೧೯೬೧ರವರೆಗೆ ಮೂರು ಸಂಪುಟಗಳಾಗಿ ಇದು ಅಚ್ಚಾಯಿತು. ಇದರ ವಿನೋದಭಾಗದಲ್ಲಿ ಮತ್ಸ್ಯವಿನೋದವೆಂಬುದೊಂದು ಅಧ್ಯಾಯ. ಸುಮಾರು ೩೫ ಬಗೆಯ ಮೀನುಗಳನ್ನು ಸಮುದ್ರದವು, ಸಿಹಿನೀರಿನವು, ಚಿಪ್ಪುಳ್ಳವು, ಚಿಪ್ಪಿಲ್ಲದವು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ಆಹಾರ, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂಬುದನ್ನು ಅದು ವಿವರಿಸುತ್ತದೆ. ಮೀನುಗಳನ್ನು ಒಂದೆಡೆ ತಿನಿಸು ಹಾಕಿ ಪಳಗಿಸಿ ಆಮೇಲೆ ಗಾಳ ಬಿಡುವ ಕ್ರಮವೂ ಅದರಲ್ಲಿದೆ. ಮತ್ಸ್ಯವಿಜ್ಞಾನಿ ಸುಂದರಲಾಲ ಹೋರಾ ಅವರು ೧೯೫೧ರಲ್ಲಿ ಈ ಅಧ್ಯಾಯದ ಕಡೆಗೆ ವಿಜ್ಞಾನಿಗಳ ಗಮನವನ್ನು ಸೆಳೆದರು. ಗಾಳದ ಬೇಟೆ ಪಾಶ್ಚಾತ್ಯರಿಂದ ಬಂದುದೆಂದು ಭಾವಿಸುವವರು ಈ ಅಧ್ಯಾಯವನ್ನು ಓದಬೇಕು. ಆದರೆ ನಮ್ಮ ಪ್ರಶ್ನೆಗೆ ಇದರಿಂದ ನೇರವಾದ ಉತ್ತರ ದೊರೆಯುವುದಿಲ್ಲ. ಅರಸನ ವಿನೋದಕ್ಕೆ ತುಂಬಿದ ನೀರೂ ದೊಡ್ಡ ಮೀನೂ ಬೇಕು. ಎರೆಹುಳುವಿನ ಗಾಳಕ್ಕೆ ಗ್ರಂಥಕಾರರಿರಲಿಲ್ಲ. ಅದೇ ಶತಮಾನದಲ್ಲಿ ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯ ವಚನಗಳನ್ನು ರಚಿಸಿದನೆಂಬುದನ್ನು ನೆನೆದಾಗ, ನೀರಿನ ಮೇಲೆ ಬದುಕಿದವರ ಲೋಕವು ಆಗಿನ ಅರಮನೆಯ ಗ್ರಂಥಕ್ಕಿಂತ ಎಷ್ಟು ವಿಶಾಲವಾಗಿತ್ತೆಂಬುದು ತೋರುತ್ತದೆ.

ಹೊಸಗಾಲದಲ್ಲಿ ಈ ಸಣ್ಣ ಮೀನನ್ನು ಮೊದಲು ಹೆಸರಿಟ್ಟು ಬರೆದವನು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ಮರುವರ್ಷ, ೧೮೦೦ರಲ್ಲಿ, ಅವನು ಮೈಸೂರು ಸೀಮೆಯನ್ನು ಸುತ್ತಿದನು. ತುಮಕೂರು ಪ್ರಾಂತವೂ ಅವನ ದಾರಿಯಲ್ಲಿತ್ತು. ೧೮೦೭ರಲ್ಲಿ ಅಚ್ಚಾದ ಪ್ರವಾಸಕಥನದಲ್ಲಿ ಬೆಳೆ, ತೆರಿಗೆ, ಜಾತಿಗಳ ವಿವರಗಳ ನಡುವೆ ಹಿರಿಯೂರಿನ ಬಳಿಯ ವೇದಾವತಿಯಲ್ಲಿ ಕಂಡ ಒಂದು ಸಣ್ಣ ಮೀನಿನ ವರ್ಣನೆಯಿದೆ. ಅವನು ಕೊಟ್ಟ ಬೆಂಡೆಲಿಸಿಸ್ ಎಂಬ ಹೆಸರನ್ನೇ ವಿಜ್ಞಾನಿಗಳು ಇಂದಿಗೂ ಬಳಸುತ್ತಾರೆ. ಈ ಮಾತು ಸ್ಥಳದ ಜನರ ಬಾಯಿಂದಲೇ ಅವನಿಗೆ ದೊರೆತಿರಬೇಕೆಂಬ ಊಹೆಯಿದೆ. ಗಂಗಾನದಿಯ ಮೀನುಗಳನ್ನು ಕುರಿತ ಅವನ ೧೮೨೨ರ ದೊಡ್ಡ ಗ್ರಂಥಕ್ಕೆ ಮುಂಚೆಯೇ ಶಿರಾಕ್ಕೆ ನೆರೆಯ ಹಿರಿಯೂರಿನ ಬೆರಳುದ್ದದ ಮೀನು ವಿಜ್ಞಾನವನ್ನು ಸೇರಿತೆಂಬುದು ನಮ್ಮ ಸೀಮೆಯವರಿಗೆ ಸಂತೋಷದ ಸಂಗತಿ.

ಅವನ ಅನಂತರ ಬಂದವರ ದೃಷ್ಟಿ ಬೇರೆಯಾಯಿತು. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ೧೮೭೩ರಲ್ಲಿ ಭಾರತದ ಗಾಳದ ಬೇಟೆಯನ್ನು ಕುರಿತೂ ೧೮೮೭ರಲ್ಲಿ ವಿಶೇಷವಾಗಿ ಕೆರೆಗಳ ಗಾಳದ ಬೇಟೆಯನ್ನು ಕುರಿತೂ ಪುಸ್ತಕಗಳನ್ನು ಬರೆದರು. ದೊಡ್ಡ ನದಿಗೆ ಹೋಗಲು ಬಿಡುವಿಲ್ಲದ ಅಧಿಕಾರಿಗೆ ಬೀಡಿನ ಪಕ್ಕದ ಕೆರೆಯ ಸಣ್ಣ ಮೀನೂ ವಿನೋದವಾಗಬಲ್ಲುದೆಂಬುದು ಆ ಎರಡನೆಯ ಪುಸ್ತಕದ ಮೂಲದಲ್ಲಿರುವ ಭಾವ. ೧೮೭೩ರಲ್ಲಿಯೇ ಫ್ರಾನ್ಸಿಸ್ ಡೇ ಅವರು ಭಾರತ ಮತ್ತು ಬರ್ಮಾದ ಸಿಹಿನೀರಿನ ಮೀನುಗಾರಿಕೆಯ ವರದಿಯನ್ನು ಸರ್ಕಾರಕ್ಕೆ ಒಪ್ಪಿಸಿದರು. ಸಣ್ಣ ಕಣ್ಣಿನ ಬಲೆ, ಮರಿಮೀನಿನ ನಾಶ, ನೀರಿಗೆ ವಿಷ ಹಾಕುವುದು ಇವೇ ಅವರ ದೂರುಗಳು. ಮಗ್ಗಾರೆಕಾಯಿ, ಕಾಕಮಾರಿ ಬೀಜಗಳನ್ನು ಅರೆದು ಮಡುವಿಗೆ ಹಾಕಿ ಮೀನನ್ನು ಮಂಕುಗೊಳಿಸುವ ಪದ್ಧತಿ ನಮ್ಮಲ್ಲಿ ಇದ್ದುದು ನಿಜ, ದೂರು ನಿರಾಧಾರವಲ್ಲ. ಆದರೆ ಮರಿಮೀನೆಂದು ಅಧಿಕಾರಿಗಳು ಕಂಡುದರಲ್ಲಿ ಎಷ್ಟೋ ಪಾಲು ಮರಿಯಲ್ಲ, ಪೂರ್ತಿ ಬೆಳೆದ ಸಸಲು. ಅದು ಅದಕ್ಕಿಂತ ದೊಡ್ಡದಾಗುವುದೇ ಇಲ್ಲ. ಬತ್ತುವ ಗುಂಡಿಯಲ್ಲಿ ಬಿಟ್ಟ ಸಸಲು ಮರುವರ್ಷಕ್ಕೆ ಉಳಿಯುವುದೂ ಇಲ್ಲ, ಕೊಕ್ಕರೆಗೆ ಸಲ್ಲುತ್ತದೆ. ೧೮೯೭ರ ಭಾರತೀಯ ಮತ್ಸ್ಯ ಕಾಯಿದೆ ಸಿಡಿಮದ್ದನ್ನೂ ವಿಷವನ್ನೂ ನಿಷೇಧಿಸಿತು. ಮೈಸೂರು ಸಂಸ್ಥಾನವು ೧೯೦೧ರಲ್ಲಿ ಬೇಟೆ ಮತ್ತು ಮತ್ಸ್ಯ ಸಂರಕ್ಷಣೆಯ ರೆಗ್ಯುಲೇಷನ್ನನ್ನು ಹೊರಡಿಸಿತು. ಕಾಡಿನ ಮೃಗವೂ ಕೆರೆಯ ಮೀನೂ ಒಂದೇ ಶಾಸನದ ಕೆಳಗೆ ಬಂದುದು ಆ ಕಾಲದ ಮನೋಧರ್ಮಕ್ಕೆ ಸಹಜವಾಗಿತ್ತು.

ಬೇಸಗೆಯ ಮೀನು ಬರಗಾಲದಲ್ಲಿ ಬಡವರನ್ನು ಕಾಯಿತೆಂದು ಹೇಳುವವರಿದ್ದಾರೆ. ಇದನ್ನು ಒಪ್ಪುವುದು ಕಷ್ಟ. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ಅನುಭವಿಸಿದ ನಷ್ಟ ಜನಗಣತಿಯಲ್ಲಿಯೇ ಕಾಣುತ್ತದೆ: ೧೮೭೧ರಲ್ಲಿ ೫೦ ಲಕ್ಷವನ್ನು ಮೀರಿದ್ದ ಜನಸಂಖ್ಯೆ ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು. ಕೆರೆ ತುಂಬದ ವರ್ಷ ಮೀನೂ ಇಲ್ಲ. ಸತತವಾಗಿ ಮಳೆ ತಪ್ಪಿದಾಗ ಸರಪಣಿಯ ಎಲ್ಲ ಕೆರೆಗಳೂ ಒಣಗಿ ಮೀನಿನ ಬೀಜವೇ ಕೆಡುತ್ತದೆ. ಬೇಸಗೆಯ ಮೀನು ಕ್ಷಾಮದ ಆಹಾರವಲ್ಲ; ಒಳ್ಳೆಯ ಮಳೆಯ ವರ್ಷದ ಕೊನೆಯ ಕಂತು. ಕಣದ ರಾಗಿ ಮನೆಯ ವಾಡೆಯಲ್ಲಿ ತಳ ಕಾಣುವ ತಿಂಗಳುಗಳಲ್ಲಿ ಕೂಲಿಯವರ ಮುದ್ದೆಗೆ ಹುಣಸೆಹುಳಿಯ ಮೀನುಸಾರನ್ನು ಒದಗಿಸುತ್ತಿದ್ದುದು, ಮಿಕ್ಕುದನ್ನು ಬಂಡೆಯ ಮೇಲೆ ಒಣಗಿಸಿ ಮಳೆಗಾಲಕ್ಕೆ ಇಡುತ್ತಿದ್ದುದು, ಇಷ್ಟು ಅದರ ನಿಜವಾದ ಪಾತ್ರ. ಇದು ಕಡಿಮೆಯದೇನೂ ಅಲ್ಲ. ಸಸಲನ್ನು ಮುಳ್ಳುಸಹಿತ ಇಡಿಯಾಗಿ ತಿನ್ನುವುದರಿಂದ ದೊಡ್ಡ ಮೀನಿನ ತುಂಡಿಗಿಂತ ಹೆಚ್ಚು ಸುಣ್ಣದ ಅಂಶ ದೇಹಕ್ಕೆ ದೊರೆಯುತ್ತದೆಂದು ಆಹಾರತಜ್ಞರು ಹೇಳುತ್ತಾರೆ.

ಹಕ್ಕಿನ ಪ್ರಶ್ನೆಗೆ ಮಲೆನಾಡು ಒಂದು ಸ್ಪಷ್ಟವಾದ ಉತ್ತರವನ್ನು ಉಳಿಸಿಕೊಂಡಿದೆ. ಸಾಗರ, ಸೊರಬ, ಸಿದ್ದಾಪುರ ತಾಲ್ಲೂಕುಗಳಲ್ಲಿ ಬೇಸಗೆಯ ಕೊನೆಗೆ ನಡೆಯುವ ಕೆರೆಬೇಟೆಯಲ್ಲಿ ಊರವರು ದಿನ ಗೊತ್ತುಮಾಡಿ ಸಾರುತ್ತಾರೆ. ಸುತ್ತಲಿನ ಹಳ್ಳಿಗಳಿಂದ ನೂರಾರು ಜನ ಬಿದಿರಿನ ಕೂಣಿಗಳನ್ನು ಹೊತ್ತು ಬಂದು, ಸೂಚನೆ ದೊರೆತೊಡನೆ ಒಟ್ಟಿಗೆ ಕೆಸರುನೀರಿಗೆ ಇಳಿದು, ಕೂಣಿಯನ್ನು ನೆಲಕ್ಕೆ ಊರಿ ಒಳಗೆ ಸಿಕ್ಕ ಮೀನನ್ನು ಮೇಲಿನ ಕಂಡಿಯಿಂದ ಕೈಹಾಕಿ ತೆಗೆಯುತ್ತಾರೆ. ಕೂಣಿಗೆ ಇಷ್ಟೆಂದು ಪಡೆದ ಹಣ ಊರಿನ ದೇವಸ್ಥಾನಕ್ಕೋ ಕೆರೆಯ ಕೆಲಸಕ್ಕೋ ಸಲ್ಲುತ್ತದೆ. ತುಮಕೂರು ಸೀಮೆಯ ಹಿರಿಯರು ಹೇಳಿದುದರಲ್ಲಿ ಇಂಥ ಕಟ್ಟುನಿಟ್ಟಿನ ಆಚರಣೆಯಿಲ್ಲ. ನೀರುಗಂಟಿ ತೂಬನ್ನು ಮುಚ್ಚಿ, ಇನ್ನು ಗದ್ದೆಗೆ ನೀರಿಲ್ಲವೆಂದ ಮೇಲೆ ಮಡುವಿಗೆ ಇಳಿಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ ಎಂದಷ್ಟೇ ಅವರು ಹೇಳುತ್ತಾರೆ. ಗುಬ್ಬಿಯ ಕಡೆಯ ಒಬ್ಬ ವೃದ್ಧರು ಹೇಳಿದ ಸಂಗತಿಯನ್ನು ನಾವು ಇಲ್ಲಿ ದಾಖಲಿಸಲೇಬೇಕು. ಕೆರೆ ತುಂಬಿದ್ದಾಗ ಊರವರ ಸೋಪಾನಕಟ್ಟೆಗೆ ಇಳಿದು ನೀರು ಮುಟ್ಟಲು ತಮ್ಮ ಕೇರಿಯವರಿಗೆ ಅವಕಾಶವಿರಲಿಲ್ಲ. ಬತ್ತಿದ ಮೇಲೆ ಅದೇ ಕೆರೆಯ ಕೆಸರಿಗೆ ಇಳಿದರೆ ಕೇಳುವವರಿರಲಿಲ್ಲ. ವರ್ಷದಲ್ಲಿ ಎರಡು ತಿಂಗಳು ಕೆರೆ ತಮ್ಮದೂ ಆಗಿರುತ್ತಿತ್ತು ಎಂದು ಅವರು ನಗುತ್ತ ಹೇಳಿದರು. ಕುಣಿಗಲ್ ಕೆರೆಯ ಸೊಬಗನ್ನು ಹೊಗಳುವ ಜನಪದ ಗೀತೆಯನ್ನು ತರಗತಿಯಲ್ಲಿ ಪ್ರಸ್ತಾಪಿಸುವಾಗಲೆಲ್ಲ ಈಗ ನಮಗೆ ಈ ಮಾತು ನೆನಪಾಗುತ್ತದೆ.

ಇಪ್ಪತ್ತನೆಯ ಶತಮಾನದ ಬದಲಾವಣೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ೧೯೨೮ರಲ್ಲಿ ಮಲೇರಿಯಾದ ನಿವಾರಣೆಗಾಗಿ ಸೊಳ್ಳೆಮರಿಯನ್ನು ತಿನ್ನುವ ಗ್ಯಾಂಬೂಸಿಯ ಮೀನನ್ನು ಇಟಲಿಯಿಂದ ಬೆಂಗಳೂರಿಗೆ ತರಿಸಲಾಯಿತು. ೧೯೫೨ರಲ್ಲಿ ಭಾರತಕ್ಕೆ ಬಂದ ತಿಲಾಪಿಯವು ನಮ್ಮ ಜನರ ಬಾಯಲ್ಲಿ ಜಿಲೇಬಿಯಾಗಿ ಕೆರೆಕೆರೆಯನ್ನೂ ಹೊಕ್ಕಿತು. ಇಂದು ಹುಡುಗರ ಗಾಳಕ್ಕೆ ಗೆಂಡೆಗಿಂತ ಇದೇ ಹೆಚ್ಚು ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ೧೯೫೭ರ ಜುಲೈ ೧೦ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿಯವರು ಗೆಂಡೆಜಾತಿಯ ಮೀನುಗಳಿಗೆ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಮೊಟ್ಟೆಯಿಡಿಸಿದುದು. ಅಲ್ಲಿಂದ ಮುಂದೆ ಕಾಟ್ಲಾ, ರೋಹು, ಮೃಗಾಲಗಳ ಮರಿಗಳು ಬೇಕಾದಷ್ಟು ದೊರೆಯುವಂತಾಗಿ, ಗಂಗೆಯ ಮೀನುಗಳು ಬಯಲುಸೀಮೆಯ ಕೆರೆಗಳಲ್ಲಿ ಬೆಳೆಯತೊಡಗಿದವು. ಇದರಿಂದ ಮೀನಿನ ಉತ್ಪನ್ನ ಹೆಚ್ಚಿತೆಂಬುದರಲ್ಲಿ ಸಂಶಯವಿಲ್ಲ. ಬೆಸ್ತರ ಸಹಕಾರ ಸಂಘಗಳಿಗೆ ಒಂದು ಆಧಾರವೂ ಆಯಿತು. ಆದರೆ ಹಣ ಕೊಟ್ಟು ಮರಿ ಬಿಟ್ಟವರಿಗೆ ಮೀನಿನ ಮೇಲೆ ಒಡೆತನ ಬಂದಿತು. ಕೆರೆಗೆ ಗುತ್ತಿಗೆದಾರರಿದ್ದಾರೆ, ಗುತ್ತಿಗೆಗೆ ಕಾವಲುಗಾರರಿದ್ದಾರೆ. ೪೦ ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆಗಳ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆಯೂ, ಅದಕ್ಕಿಂತ ಚಿಕ್ಕವುಗಳದನ್ನು ಗ್ರಾಮ ಪಂಚಾಯಿತಿಗಳೂ ವಿಲೇ ಮಾಡುವ ಏರ್ಪಾಡು ಬಂದಿತು. ಮೀನಿನ ಹಕ್ಕನ್ನು ಅಳೆಯಲೂ ಕೊನೆಗೆ ಗದ್ದೆಯ ವಿಸ್ತೀರ್ಣವೇ ಅಳತೆಗೋಲಾದುದನ್ನು ಶಾಸನಗಳನ್ನು ಓದಿದವರು ಗಮನಿಸದೆ ಇರಲಾರರು.

ಗುತ್ತಿಗೆಯಾದ ಒಂದು ಕೆರೆಯ ಏರಿಯ ಮೇಲೆ ನಾವು ಟಿಪ್ಪಣಿ ಪುಸ್ತಕ ಹಿಡಿದು ನಿಂತಿದ್ದಾಗ ಕಾವಲಿನವನು ಬಂದು ನಮ್ಮನ್ನು ಎಬ್ಬಿಸಿ ಕಳುಹಿಸಿದನು. ನಮ್ಮ ಜೊತೆಗೆ ಮಾತನಾಡುತ್ತಿದ್ದ ಮೂವರು ಹುಡುಗರ ಗಾಳದ ಕಡ್ಡಿಗಳನ್ನು ಅವನು ಮುರಿದುಹಾಕಿದುದನ್ನು ಕಂಡೆವು. ಅವನನ್ನು ದೂರುವಂತಿಲ್ಲ, ಮೀನು ಕಡಿಮೆಯಾದರೆ ಅವನ ಕೂಲಿಗೇ ಕುತ್ತು. ಆದರೂ ಆ ಕಡ್ಡಿಗಳಿಗೆ ಸಿಗುತ್ತಿದ್ದುದು ಸಸಲು, ಗೆಂಡೆಗಳು. ಯಾರೂ ಹಣ ಕೊಟ್ಟು ಬಿಡದವು.

ಹೇಮಾವತಿಯ ನಾಲೆಯ ನೀರು ತುಮಕೂರು ಸೀಮೆಗೆ ಬಂದ ಮೇಲೆ ಬುಗುಡನಹಳ್ಳಿಯಂಥ ಕೆಲವು ಕೆರೆಗಳ ಬೇಸಗೆಯ ಸ್ವರೂಪವೇ ಬೇರೆಯಾಯಿತು. ಕುಡಿಯುವ ನೀರಿಗಾಗಿ ತುಂಬಿಸಿಟ್ಟ ಕೆರೆ ಬತ್ತುವಂತಿಲ್ಲ, ಬತ್ತದ ಕೆರೆಗೆ ಇಳಿಯುವಂತಿಲ್ಲ. ನಗರಕ್ಕೆ ಇದರಿಂದ ಆದ ಉಪಕಾರ ದೊಡ್ಡದು. ನಾಲೆ ಮುಟ್ಟದ ಕೆರೆಗಳು ಮೊದಲಿನಂತೆಯೇ ಒಣಗುತ್ತವೆ, ಕೆಲವು ವರ್ಷ ತುಂಬುವುದೇ ಇಲ್ಲ. ಹಳೆಯ ಗುತ್ತಿಗೆಯ ಕಾಗದಗಳು ತಾಲ್ಲೂಕು ಕಚೇರಿಗಳ ದಫ್ತರಗಳಲ್ಲಿ ಎಲ್ಲಿಯಾದರೂ ಉಳಿದಿದ್ದರೆ, ಯಾವ ಕೆರೆಯ ಮೀನು ಯಾವ ವರ್ಷ ಮೊದಲು ಹರಾಜಿಗೆ ಬಂದಿತೆಂಬುದನ್ನು ಊರೂರಿಗೆ ಗುರುತಿಸಬಹುದು. ನಮ್ಮ ವಿಭಾಗದ ಸಂಶೋಧನ ವಿದ್ಯಾರ್ಥಿಗಳಿಗೆ ಇದು ಯೋಗ್ಯವಾದ ಕೆಲಸ, ಕಾಗದಗಳು ಗೆದ್ದಲಿಗೆ ಸಲ್ಲುವ ಮುನ್ನ.

ಕಳೆದ ಮೇ ತಿಂಗಳ ಕೊನೆಯಲ್ಲಿ ನಾವು ಮತ್ತೊಮ್ಮೆ ಸತ್ಯಮಂಗಲಕ್ಕೆ ಹೋಗಿದ್ದೆವು. ಹಿಂದಿನ ರಾತ್ರಿ ಮಳೆಯಾಗಿತ್ತು. ರಸ್ತೆಯ ಮೋರಿಯ ಕೆಳಗೆ ಕೆಂಪುನೀರು ಹರಿಯುತ್ತಿದ್ದೆಡೆಯಲ್ಲಿ, ಕಾರ್ಖಾನೆಯ ಸಮವಸ್ತ್ರ ತೊಟ್ಟ ಇಬ್ಬರು ಕೆಲಸಗಾರರು ಪಾಳಿ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಬೈಸಿಕಲ್ಲುಗಳನ್ನು ಒರಗಿಸಿಟ್ಟು, ಊಟದ ಡಬ್ಬಿಯನ್ನು ತೊಳೆದು ಕೈಯಲ್ಲಿ ಹಿಡಿದು, ನೀರಿಗೆ ಎದುರಾಗಿ ಏರುವ ಮೀನನ್ನು ಕಾಯುತ್ತ ನಿಂತಿದ್ದರು.